ನಾಲ್ಕು ಬೆರಳು ಎತ್ತರವೋ, ಒಂದು ಮೊಳ ಉದ್ದವೋ?

ಪ್ರಶ್ನೆ: ನಾವು ಜರ್ಮನಿಯ ಸ್ಟುಟ್‌ಗಾರ್ಟ್ ಹತ್ತಿರ ಇರುವವರು. ಮಗಳಿಗೆ ಐದು ವರ್ಷ, ಮಗನಿಗೆ ಹತ್ತು ತಿಂಗಳು. ಈಗಿರುವ ಸಣ್ಣ ಕಾರು ಸಾಲುತ್ತಿಲ್ಲ. ನನಗೆ ಸಣ್ಣ ಎಸ್‌ಯುವಿ ಮೇಲೆ ಮನಸ್ಸು. ಊರಿನಲ್ಲಿ ಅಣ್ಣನ ಬಳಿಯೂ ಅಂಥದ್ದೇ ಇದೆ. ಆದರೆ ಕಚೇರಿಯಲ್ಲಿ ಯಾರನ್ನು ಕೇಳಿದರೂ ‘ಕೊಂಬಿ ತೆಗೆದುಕೊಳ್ಳಿ’ ಎನ್ನುತ್ತಾರೆ. ದಿನನಿತ್ಯದ ಓಡಾಟಕ್ಕೆ ಯಾವುದು ಸರಿ?

ಉತ್ತರ: ಇದೇ ಪ್ರಶ್ನೆ ಇಲ್ಲಿನ ಕನ್ನಡಿಗರಿಂದ ನನಗೆ ಆಗಾಗ ಬರುತ್ತಿರುತ್ತದೆ. ಹೆಚ್ಚಾಗಿ ಎರಡನೆಯ ಮಗು ಹುಟ್ಟಿದ ಮೇಲೆ, ಇಲ್ಲವೇ ಊರಿನಿಂದ ಅಪ್ಪ ಅಮ್ಮ ಬಂದು ಹೋದ ಮೇಲೆ. ನಿಮ್ಮನ್ನು ಕಾಯಿಸುವುದಿಲ್ಲ: ನೀವು ಬರೆದಿರುವ ಸಂಸಾರಕ್ಕೆ ಕೊಂಬಿಯೇ ಸರಿ. ಆದರೆ ಈ ಮಾತನ್ನು ನಾನೇ ಹಿಂತೆಗೆದುಕೊಳ್ಳುವ ಒಂದೆರಡು ಸಂದರ್ಭಗಳಿವೆ. ಅವೂ ಮುಂದೆ ಬರುತ್ತವೆ.

ಹೊಸಬರಿಗೆ ಒಂದು ಮಾತು. ಕಾರಿನ ಚಾವಣಿಯನ್ನು ಹಿಂದಿನ ಬಂಪರಿನವರೆಗೂ ಎಳೆದು, ಡಿಕ್ಕಿಯನ್ನು ಒಳಕೋಣೆಯ ಭಾಗವನ್ನಾಗಿಯೇ ಮಾಡಿದರೆ ಅದು ಕೊಂಬಿ. ಬ್ರಿಟನ್ನಿನವರು ಎಸ್ಟೇಟ್ ಎನ್ನುತ್ತಾರೆ, ಅಮೆರಿಕದವರು ಸ್ಟೇಷನ್ ವ್ಯಾಗನ್ ಎನ್ನುತ್ತಾರೆ. ಸ್ವೀಡನ್ನಿನವರು ಇಟ್ಟಿರುವ ಹೆಸರಿನ ಅರ್ಥ ‘ಜಮೀನ್ದಾರನ ಬಂಗಲೆಯ ಗಾಡಿ’. ನಮ್ಮಲ್ಲಿ ಇದಕ್ಕೆ ಗೌರವದ ಹೆಸರೇ ಹುಟ್ಟಲಿಲ್ಲ. 1992ರಲ್ಲಿ ಟಾಟಾ ಎಸ್ಟೇಟ್ ಬಂದಾಗ ನಮ್ಮ ಬೀದಿಯಲ್ಲಿ ಒಬ್ಬರು ಅದನ್ನು ಕೊಂಡಿದ್ದರು. ಮಕ್ಕಳೆಲ್ಲ ಅದನ್ನು ಆಂಬುಲೆನ್ಸ್ ಎಂದೇ ಕರೆಯುತ್ತಿದ್ದೆವು. ಆಮೇಲೆ ಮಾರುತಿಯ ಬಲೆನೊ ಆಲ್ಟುರಾ, ಸ್ಕೋಡಾ ಆಕ್ಟೇವಿಯಾ ಕೊಂಬಿ, ಟಾಟಾ ಇಂಡಿಗೊ ಮರೀನಾ ಬಂದವು. ಬಂದಷ್ಟೇ ಸದ್ದಿಲ್ಲದೆ ಹೋದವು. ಹಾಗಾಗಿ ಭಾರತದಲ್ಲಿ ಬೆಳೆದವರಿಗೆ ಈ ಆಕಾರದ ಕಾರು ಕಣ್ಣಿಗೇ ಹಿಡಿಸುವುದಿಲ್ಲ, ಇನ್ನು ಮನಸ್ಸಿಗೆ ಎಲ್ಲಿಂದ ಹಿಡಿಸಬೇಕು?

ಈಗ ಅಳತೆಗೆ ಬರೋಣ. ಹೋಲಿಕೆ ನ್ಯಾಯವಾಗಿರಲಿ ಎಂದು ಒಂದೇ ಕಂಪನಿಯ ಎರಡು ಕಾರುಗಳನ್ನು ಹಿಡಿಯುತ್ತೇನೆ: ಸ್ಕೋಡಾ ಕಾಮಿಕ್ ಮತ್ತು ಸ್ಕೋಡಾ ಆಕ್ಟೇವಿಯಾ ಕೊಂಬಿ. ನಿಮ್ಮ ಅಣ್ಣನದು ಸ್ಕೋಡಾ ಕುಶಾಕ್ ಅಥವಾ ಫೋಕ್ಸ್‌ವ್ಯಾಗನ್ ಟೈಗುನ್ ಆಗಿದ್ದರೆ, ಕಾಮಿಕ್ ಅದರ ಯುರೋಪಿನ ದಾಯಾದಿ ಎಂದುಕೊಳ್ಳಿ. ಕಾಮಿಕ್‌ನ ಉದ್ದ 4.24 ಮೀಟರ್, ಆಕ್ಟೇವಿಯಾ ಕೊಂಬಿಯದು 4.69 ಮೀಟರ್. ವ್ಯತ್ಯಾಸ 45 ಸೆಂಟಿಮೀಟರ್, ಅಂದರೆ ಹೂವಾಡಗಿತ್ತಿ ಮೊಣಕೈಯಿಂದ ಬೆರಳ ತುದಿಯವರೆಗೆ ಅಳೆದು ಕೊಡುವ ಒಂದು ಮೊಳ. ಎತ್ತರದಲ್ಲಿ ಕಾಮಿಕ್ ಸುಮಾರು 1.55 ಮೀಟರ್, ಕೊಂಬಿ ಸುಮಾರು 1.47. ಇಲ್ಲಿ ವ್ಯತ್ಯಾಸ ನಾಲ್ಕು ಬೆರಳು. ಎಸ್‌ಯುವಿ ಎಂಬ ಮೂರಕ್ಷರದ ಗತ್ತೆಲ್ಲ ನಿಂತಿರುವುದು ಈ ನಾಲ್ಕು ಬೆರಳಿನ ಮೇಲೆ.

ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವಿನ ದೂರ ಎರಡು ಕಾರುಗಳಲ್ಲೂ ಹೆಚ್ಚುಕಡಿಮೆ ಒಂದೇ, ನಾಲ್ಕೈದು ಸೆಂಟಿಮೀಟರ್ ಆಚೀಚೆ. ಹಾಗಾದರೆ ಆ ಒಂದು ಮೊಳ ಎಲ್ಲಿ ಹೋಯಿತು? ಬಹುಪಾಲು ಹಿಂದಿನ ಚಕ್ರದ ಆಚೆಗೆ, ಸಾಮಾನು ಇಡುವ ಜಾಗಕ್ಕೆ ಹೋಯಿತು. ಕಾಮಿಕ್‌ನ ಡಿಕ್ಕಿ 400 ಲೀಟರ್, ಕೊಂಬಿಯದು 640 ಲೀಟರ್.

ಈ ಲೀಟರ್ ಲೆಕ್ಕ ಹಲವರನ್ನು ದಾರಿ ತಪ್ಪಿಸುತ್ತದೆ. ಡಿಕ್ಕಿಗೆ ನೀರು ತುಂಬಿ ಯಾರೂ ಅಳೆಯುವುದಿಲ್ಲ. ಜರ್ಮನಿಯ ಪದ್ಧತಿಯಲ್ಲಿ 20 ಸೆಂ.ಮೀ. ಉದ್ದ, 10 ಸೆಂ.ಮೀ. ಅಗಲ, 5 ಸೆಂ.ಮೀ. ದಪ್ಪದ ಅಚ್ಚುಗಳನ್ನು ಇಟ್ಟಿಗೆ ಜೋಡಿಸಿದ ಹಾಗೆ ಜೋಡಿಸುತ್ತಾರೆ. ಒಂದು ಅಚ್ಚು ಒಂದು ಲೀಟರ್. ಎಷ್ಟು ಹಿಡಿದವೋ ಅಷ್ಟು ಲೀಟರ್. ಸಂದಿಗೊಂದಿಯಲ್ಲಿ, ಕೆಲವು ಕಾರುಗಳಲ್ಲಿ ನೆಲಹಲಗೆಯ ಕೆಳಗೂ, ಈ ಪುಟ್ಟ ಇಟ್ಟಿಗೆಗಳು ಹಿಡಿಯುತ್ತವೆ. ನಿಮ್ಮ ಸೂಟ್‌ಕೇಸ್ ಹಿಡಿಯುವುದಿಲ್ಲ. ಆದ್ದರಿಂದ ಲೀಟರಿಗಿಂತ ಡಿಕ್ಕಿಯ ನೆಲ ಎಷ್ಟು ಉದ್ದ ಮತ್ತು ಎಷ್ಟು ಚೌಕವಾಗಿದೆ ಎಂಬುದು ಮುಖ್ಯ.

ನನಗೆ ಇದು ಅರ್ಥವಾದದ್ದು ಫ್ರಾಂಕ್‌ಫರ್ಟ್ ವಿಮಾನ ನಿಲ್ದಾಣದ ನೆಲಮಾಳಿಗೆಯಲ್ಲಿ. ಅಪ್ಪ ಅಮ್ಮ ಬಂದಿಳಿದಿದ್ದರು. ಒಬ್ಬೊಬ್ಬರಿಗೆ 23 ಕಿಲೋದ ಎರಡೆರಡು ಪೆಟ್ಟಿಗೆ, ಒಟ್ಟು ನಾಲ್ಕು. ಜೊತೆಗೆ ಹಗ್ಗ ಬಿಗಿದ ಒಂದು ರಟ್ಟಿನ ಡಬ್ಬ. ಅದರಲ್ಲಿ ಕುಕ್ಕರ್, ಕುಕ್ಕರಿನೊಳಗೆ ಹಪ್ಪಳ, ಹಪ್ಪಳ ಮುರಿಯದಿರಲೆಂದು ಸುತ್ತಿದ ಅಪ್ಪನ ಪಂಚೆ. ಆಗ ನನ್ನ ಬಳಿ ಇದ್ದದ್ದು ಸಣ್ಣ ಎಸ್‌ಯುವಿ. ದೊಡ್ಡ ಸೂಟ್‌ಕೇಸ್ ಒಂದಕ್ಕೆ ಸುಮಾರು 75 × 50 × 30 ಸೆಂ.ಮೀ. ಎಂದರೂ 110 ಲೀಟರ್ ದಾಟುತ್ತದೆ, ನಾಲ್ಕಕ್ಕೆ 450. ಎರಡನ್ನು ಮಲಗಿಸಿದೆ. ಮೂರನೆಯದಕ್ಕಾಗಿ ಡಿಕ್ಕಿಯ ಮುಚ್ಚಳ ಕಿತ್ತು ಮೇಲೇರಿಸಿದೆ, ಹಿಂದಿನ ಗಾಜು ಮುಚ್ಚಿಹೋಯಿತು. ನಾಲ್ಕನೆಯದು ಹಿಂದಿನ ಸೀಟಿನಲ್ಲಿ, ಮಗುವಿನ ಸೀಟಿಗೂ ಅಮ್ಮನಿಗೂ ನಡುವೆ ನಿಂತಿತು. ಕುಕ್ಕರ್ ಡಬ್ಬ ಅಪ್ಪನ ತೊಡೆಯ ಮೇಲೆ ಎರಡು ಗಂಟೆ ಪ್ರಯಾಣ ಮಾಡಿತು. ಮನೆ ತಲುಪುವವರೆಗೂ ಅವರು ಏನೂ ಅನ್ನಲಿಲ್ಲ. ಇಳಿದ ಮೇಲೆ ಕಾರನ್ನು ಒಂದು ಸುತ್ತು ಹಾಕಿ, “ಹೊರಗಿನಿಂದ ದೊಡ್ಡದಾಗಿಯೇ ಕಾಣುತ್ತದಲ್ಲ” ಎಂದರು.

ಸೀಟು ಮಡಚಿದರೆ ಜಾಗ ಸಿಗುತ್ತದೆ ಎಂದು ಮಾರಾಟದವರು ಹೇಳುತ್ತಾರೆ. ನಿಜ. ಆಕ್ಟೇವಿಯಾ ಕೊಂಬಿಯಲ್ಲಿ ಹಾಗೆ ಮಡಚಿದರೆ 1,700 ಲೀಟರ್. ಆದರೆ ನಿಮ್ಮ ಹಿಂದಿನ ಸೀಟಿನಲ್ಲಿ ಎರಡು ಮಕ್ಕಳ ಸೀಟುಗಳು ಕೊಂಡಿ ಹಾಕಿಕೊಂಡು ಕೂತಿರುತ್ತವೆ. ಇಲ್ಲಿನ ಕಾನೂನಿನಂತೆ ಮಗುವಿಗೆ 12 ವರ್ಷ ತುಂಬುವವರೆಗೆ ಅಥವಾ 150 ಸೆಂ.ಮೀ. ಎತ್ತರ ಆಗುವವರೆಗೆ ಅವು ಬೇಕೇ ಬೇಕು. ಆ ಸೀಟು ಮಡಚುವ ಯೋಗ ನಿಮಗೆ ಸದ್ಯಕ್ಕಿಲ್ಲ. ಮಗುವಿನ ತಳ್ಳುಗಾಡಿ, ವಾರದ ದಿನಸಿ, ಮೂರು ಗಾಲಿಯ ಸೈಕಲ್, ಎಲ್ಲವೂ ಹಿಂದಿನ ಡಿಕ್ಕಿಯಲ್ಲೇ ಹಿಡಿಯಬೇಕು.

ಓಡಿಸುವ ವಿಷಯ. ಎತ್ತರದ ಕಾರು ಗಾಳಿಗೆ ಹೆಚ್ಚು ಎದೆಯೊಡ್ಡುತ್ತದೆ. ಊರೊಳಗೆ 50ರ ವೇಗದಲ್ಲಿ ಇದು ಲೆಕ್ಕಕ್ಕೇ ಬರುವುದಿಲ್ಲ. ಆದರೆ ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ: 100 ಕಿ.ಮೀ. ವೇಗದಲ್ಲಿರುವುದಕ್ಕಿಂತ, ಇಲ್ಲಿನ ಹೆದ್ದಾರಿಯಾದ ಆಟೋಬಾನ್‌ನಲ್ಲಿ ಸೂಚಿಸುವ 130ರ ವೇಗದಲ್ಲಿ ಆ ತಡೆ ಸುಮಾರು 69 ಶೇಕಡಾ ಜಾಸ್ತಿ. ಅಲ್ಲಿ ಉದ್ದನೆಯ, ತಗ್ಗಿನ ಕಾರು ನೆಮ್ಮದಿಯಾಗಿ ಸಾಗುತ್ತದೆ. ಪೆಟ್ರೋಲೂ ಉಳಿಯುತ್ತದೆ, ಒಳಗೆ ಗಾಳಿಯ ಸದ್ದೂ ಕಡಿಮೆ. ಎಲೆಕ್ಟ್ರಿಕ್ ಕಾರಿಗಂತೂ ಇದು ಇನ್ನೂ ಮುಖ್ಯ, ಏಕೆಂದರೆ ವೇಗದ ರಸ್ತೆಯಲ್ಲಿ ಬ್ಯಾಟರಿಯನ್ನು ತಿನ್ನುವುದು ಗಾಳಿಯೇ.

ಎತ್ತರ ಹೆಚ್ಚಿದಂತೆ ಭಾರದ ಕೇಂದ್ರವೂ ಮೇಲೇರುತ್ತದೆ. ತಿರುವಿನಲ್ಲಿ ಕಾರು ವಾಲುತ್ತದೆ, ಹಿಂದೆ ಕೂತ ಮಕ್ಕಳಿಗೆ ಹೊಟ್ಟೆ ತೊಳಸುತ್ತದೆ. 1997ರಲ್ಲಿ ಸ್ವೀಡನ್ನಿನ ಒಂದು ಪತ್ರಿಕೆಯವರು ‘ಮೂಸ್ ಪರೀಕ್ಷೆ’ ನಡೆಸಿದಾಗ, ಅಂದರೆ ರಸ್ತೆಗೆ ಕಾಡುಪ್ರಾಣಿ ನುಗ್ಗಿತೆಂಬಂತೆ ಸ್ಟಿಯರಿಂಗನ್ನು ಥಟ್ಟನೆ ಆಚೆಗೂ ಈಚೆಗೂ ತಿರುಗಿಸಿದಾಗ, ಹೊಸ ಮರ್ಸಿಡಿಸ್ ಎ-ಕ್ಲಾಸ್ ಮಗುಚಿಬಿದ್ದಿತ್ತು. ಅದು ಎಸ್‌ಯುವಿ ಅಲ್ಲ, ಗಿಡ್ಡನೆಯ, ಎತ್ತರದ ಸಣ್ಣ ಕಾರು. ಕಂಪನಿ ಆಮೇಲೆ ಅದಕ್ಕೆ ಜಾರದಂತೆ ಹಿಡಿದಿಡುವ ಇಎಸ್‌ಪಿ ವ್ಯವಸ್ಥೆಯನ್ನು ಹಾಕಿತು. ಇಂದು ಯುರೋಪಿನ ಎಲ್ಲ ಹೊಸ ಕಾರುಗಳಲ್ಲೂ ಅದು ಕಡ್ಡಾಯ. ಹಾಗಾಗಿ ಸಣ್ಣ ಎಸ್‌ಯುವಿ ಅಪಾಯಕಾರಿ ಎಂದು ನಾನು ಹೆದರಿಸುತ್ತಿಲ್ಲ. ಆದರೆ ಎತ್ತರ ಹೆಚ್ಚಿದಷ್ಟೂ ಸುರಕ್ಷತೆ ಹೆಚ್ಚು ಎಂಬ ನಂಬಿಕೆ ಇದೆಯಲ್ಲ, ಅದನ್ನು ಬಿಟ್ಟುಬಿಡಿ.

ಇನ್ನೊಂದು ನಂಬಿಕೆ ಹಿಮದ್ದು. “ಚಳಿಗಾಲಕ್ಕೆ ಎಸ್‌ಯುವಿಯೇ ಬೇಕು” ಎಂದು ನನ್ನ ಸ್ನೇಹಿತರೇ ವಾದಿಸುತ್ತಾರೆ. ಕಾಮಿಕ್ ಆಗಲಿ, ಫೋಕ್ಸ್‌ವ್ಯಾಗನ್ ಟಿ-ಕ್ರಾಸ್ ಆಗಲಿ ಮುಂದಿನ ಎರಡು ಚಕ್ರಗಳಿಂದಷ್ಟೇ ಎಳೆಯುವ ಕಾರುಗಳು. ನಾಲ್ಕೂ ಚಕ್ರ ಎಳೆಯಬೇಕೆಂದರೆ, ತಮಾಷೆ ನೋಡಿ, ಆಕ್ಟೇವಿಯಾ ಕೊಂಬಿಯಲ್ಲೇ ಆ ಆಯ್ಕೆ ಸಿಗುತ್ತದೆ. ಆದರೂ ಹಿಮದಲ್ಲಿ ನಿಮ್ಮನ್ನು ಕಾಯುವುದು ಟೈರು. ಅಕ್ಟೋಬರಿನಿಂದ ಈಸ್ಟರ್‌ವರೆಗೆ ಚಳಿಗಾಲದ ಟೈರು ಹಾಕಿಕೊಳ್ಳಿ ಎಂಬ ಜರ್ಮನರ ರೂಢಿಯ ಮಾತನ್ನು ಪಾಲಿಸಿದರೆ ಎತ್ತರದ ಹಂಗಿಲ್ಲ.

ಈಗ ನಾನು ಮಾತು ಹಿಂತೆಗೆದುಕೊಳ್ಳುವ ಜಾಗ. ಮೊಣಕಾಲು.

ನಾನು ಕೊಂಬಿ ಕೊಂಡ ಮುಂದಿನ ವರ್ಷ ಅಮ್ಮ ಮತ್ತೆ ಬಂದರು. ಪೆಟ್ಟಿಗೆಗಳೆಲ್ಲ ಹಿಂದೆ ನುಂಗಿಹೋದವು, ನಾನು ಬೀಗಿದೆ. ಆದರೆ ಅಮ್ಮ ಸೀರೆಯ ನೆರಿಗೆ ಹಿಡಿದು, ಬಾಗಿಲಿನ ಚೌಕಟ್ಟು ಹಿಡಿದು, ಬಾವಿಗೆ ಇಳಿಯುವಂತೆ ಸೀಟಿಗೆ ಇಳಿದರು. ಮನೆ ಮುಂದೆ ಇಳಿಯುವಾಗ ಕೈಕೊಟ್ಟು ಎಳೆಯಬೇಕಾಯಿತು. ಆ ಹಳೆಯ ಎಸ್‌ಯುವಿಯಲ್ಲಿ ಅವರು ಕುರ್ಚಿಯ ಮೇಲೆ ಕೂತಷ್ಟೇ ಸಲೀಸಾಗಿ ಕೂತು ಏಳುತ್ತಿದ್ದರು. ಅಲ್ಲಿ ನಾಲ್ಕು ಬೆರಳಿಗೆ ನಾಲ್ಕು ಬೆರಳಿನ ಬೆಲೆ ಇತ್ತು. ಮಗುವನ್ನು ಸೀಟಿಗೆ ಎತ್ತಿ ಕೂರಿಸುವಾಗಲೂ ಅಷ್ಟೇ. ನಿಮಗೋ ನಿಮ್ಮವರಿಗೋ ಸೊಂಟ ನೋವಿದ್ದರೆ ದಿನಕ್ಕೆ ಆರು ಸಲ ಬಗ್ಗುವುದು ಸಣ್ಣ ಮಾತಲ್ಲ. ಮನೆಯಲ್ಲಿ ವರ್ಷವಿಡೀ ಇರುವವರಿಗೆ ಮೊಣಕಾಲಿನದೋ ಸೊಂಟದ್ದೋ ತೊಂದರೆ ಇದ್ದರೆ, ಮೇಲಿನದೆಲ್ಲ ಮರೆತು ಎತ್ತರದ ಕಾರನ್ನೇ ಕೊಳ್ಳಿ. ತೊಂದರೆ ಇರುವುದು 90 ದಿನದ ವೀಸಾದಲ್ಲಿ ಬಂದು ಹೋಗುವ ಅಪ್ಪ ಅಮ್ಮನಿಗಾದರೆ, ಮುಂದಿನ ಸೀಟನ್ನು ಮೇಲಕ್ಕೆ ಏರಿಸಲು ಬರುತ್ತದೆಯೇ ನೋಡಿ. ನಾನು ಅದನ್ನೇ ಮಾಡಿದೆ. ಅಪ್ಪನನ್ನು ಹಿಂದಿನ ಸೀಟಿಗೆ ಕಳುಹಿಸಿದೆ.

ಎರಡನೆಯ ಸಂದರ್ಭ, ದಿನವೂ ಬೀದಿ ಬದಿಯಲ್ಲಿ ಜಾಗ ಹುಡುಕಿ ನಿಲ್ಲಿಸುವವರದು. ಅಲ್ಲಿ ಒಂದು ಮೊಳ ದೊಡ್ಡ ವ್ಯತ್ಯಾಸವೇ. ಆದರೆ ಮನೆಗೆ ಸೇರಿದ ನಿಲುಗಡೆ ಇದ್ದರೆ ಲೆಕ್ಕ ತಿರುಗಿಬೀಳಬಹುದು. ಇಲ್ಲಿನ ಹಳೆಯ ಅಪಾರ್ಟ್‌ಮೆಂಟುಗಳಲ್ಲಿ ಒಂದರ ಮೇಲೊಂದು ಕಾರು ಎತ್ತಿಡುವ ‘ಡುಪ್ಲೆಕ್ಸ್’ ಗ್ಯಾರೇಜುಗಳಿರುತ್ತವೆ. ಅವುಗಳಲ್ಲಿ ಹಲವಕ್ಕೆ ಎತ್ತರದ ಮಿತಿ 1.50 ಮೀಟರ್. ಕೊಂಬಿ ನುಸುಳುತ್ತದೆ, ‘ಸಣ್ಣ’ ಎಸ್‌ಯುವಿ ನುಸುಳುವುದಿಲ್ಲ. ಅಗಲದ ವಿಷಯದಲ್ಲಿ ಎರಡೂ ಒಂದೇ ದೋಣಿಯಲ್ಲಿವೆ: ಕನ್ನಡಿ ಸೇರಿಸಿದರೆ ಎರಡೂ ಹೆಚ್ಚುಕಡಿಮೆ 2 ಮೀಟರ್. ಹೆದ್ದಾರಿ ಕಾಮಗಾರಿ ಇರುವಲ್ಲಿ ಎಡಗಡೆಯ ಕಿರಿದಾದ ಸಾಲಿಗೆ ನುಗ್ಗುವ ಮುನ್ನ ಫಲಕ ನೋಡಿ, ಅಲ್ಲಿ ಕನ್ನಡಿಯೂ ಲೆಕ್ಕಕ್ಕೆ ಬರುತ್ತದೆ.

ಪ್ಯಾರಿಸ್ ಕಡೆ ಹೋಗುವವರಿದ್ದರೆ ಒಂದು ಸ್ವಾರಸ್ಯ. 2024ರ ಫೆಬ್ರವರಿಯಲ್ಲಿ ಅಲ್ಲಿ ಎಸ್‌ಯುವಿಗಳ ನಿಲುಗಡೆ ಶುಲ್ಕವನ್ನು ಮೂರು ಪಟ್ಟು ಮಾಡಬೇಕೇ ಎಂದು ಜನರನ್ನೇ ಕೇಳಿದರು. ಮತ ಹಾಕಿದವರಲ್ಲಿ ಹೆಚ್ಚಿನವರು ಹೌದು ಎಂದರು. ಅದೇ ವರ್ಷ ಅಕ್ಟೋಬರಿನಿಂದ ಹೊರಗಿನವರಿಗೆ ನಗರದ ನಡುವೆ ಗಂಟೆಗೆ 18 ಯೂರೊ. ಆದರೆ ನಿಯಮ ನೋಡುವುದು ಆಕಾರವನ್ನಲ್ಲ, ತೂಕವನ್ನು: ಪೆಟ್ರೋಲ್, ಡೀಸೆಲ್, ಹೈಬ್ರಿಡ್ ಆದರೆ 1.6 ಟನ್, ಎಲೆಕ್ಟ್ರಿಕ್ ಆದರೆ 2 ಟನ್. ಹಗುರವಾದ ಸಣ್ಣ ಎಸ್‌ಯುವಿ ಪಾರಾಗುತ್ತದೆ, ಬ್ಯಾಟರಿ ಹೊತ್ತ ದೊಡ್ಡ ಹೈಬ್ರಿಡ್ ಕೊಂಬಿ ಸಿಕ್ಕಿಬೀಳುತ್ತದೆ.

ದುಡ್ಡಿನ ಮಾತು ಚುಟುಕಾಗಿ. ಹೊಸದಾಗಿ ಕೊಂಡರೆ ಸಣ್ಣ ಎಸ್‌ಯುವಿ ಅಗ್ಗ. ಹಳೆಯದಾದರೆ ಕೊಂಬಿಯಲ್ಲಿ ಲಾಭವಿದೆ. ಇಲ್ಲಿನ ಕಂಪನಿಗಳು ನೌಕರರಿಗೆ ಕೊಂಬಿಗಳನ್ನು ಧಾರಾಳವಾಗಿ ಕೊಡುತ್ತವೆ. ಬಾಡಿಗೆ ಕರಾರು ಮುಗಿದು, ಮೂರು ವರ್ಷದವು ರಾಶಿರಾಶಿಯಾಗಿ ಮಾರುಕಟ್ಟೆಗೆ ಬರುತ್ತವೆ. ಹೆದ್ದಾರಿಯಲ್ಲಿ ಓಡಿದವು, ಕಿಲೋಮೀಟರ್ ಜಾಸ್ತಿ, ಆದರೆ ಸರ್ವಿಸ್ ಪುಸ್ತಕ ಸಾಮಾನ್ಯವಾಗಿ ಅಚ್ಚುಕಟ್ಟು. ಕಾರು ರಸ್ತೆಗೆ ಯೋಗ್ಯವೇ ಎಂದು ನೋಡುವ ಕಡ್ಡಾಯದ ‘ಟ್ಯೂಫ್’ ತಪಾಸಣೆ ಮೊದಲ ಸಲ ಬರುವುದೂ ಮೂರನೆಯ ವರ್ಷಕ್ಕೇ. ಅದನ್ನು ಮುಗಿಸಿದ ಕಾರನ್ನೇ ಕೇಳಿ.

ನಿಮ್ಮ ಅಣ್ಣ ತಪ್ಪು ಮಾಡಿದರೇ? ಖಂಡಿತ ಇಲ್ಲ. ಕುಶಾಕ್‌ಗೆ ನೆಲದಿಂದ 188 ಮಿಲಿಮೀಟರ್ ಅಂತರವಿದೆ; ನಮ್ಮ ರಸ್ತೆ ಉಬ್ಬುಗಳ ಮೇಲೆ ಆ ಅಂತರವೇ ಕಾರಿನ ಹೊಟ್ಟೆ ಕಾಯುತ್ತದೆ. ಹಿಂಬದಿ ಉದ್ದವಾಗಿ ಚಾಚಿದ, ತಗ್ಗಾದ ಕೊಂಬಿಯನ್ನು ಶಾಲೆಯ ಮುಂದಿನ ಉಬ್ಬಿನ ಮೇಲೆ ಐದು ಜನರೊಂದಿಗೆ ದಾಟಿಸುವುದನ್ನು ಊಹಿಸಿಕೊಂಡರೇ ನನಗೆ ಬೆನ್ನು ಚುಳ್ ಎನ್ನುತ್ತದೆ. ಉದ್ದದ ಮೇಲೆ ತೆರಿಗೆಯೂ ಇದೆ. 2025ರ ಸೆಪ್ಟೆಂಬರ್ 22ರಿಂದ, 4 ಮೀಟರಿನೊಳಗೆ ಇದ್ದು 1200 ಸಿಸಿ ಮೀರದ ಪೆಟ್ರೋಲ್ ಅಥವಾ 1500 ಸಿಸಿ ಮೀರದ ಡೀಸೆಲ್ ಎಂಜಿನ್ ಇರುವ ಕಾರಿಗೆ ಜಿಎಸ್‌ಟಿ 18 ಶೇಕಡಾ. ಅದಕ್ಕಿಂತ ದೊಡ್ಡದಕ್ಕೆ 40. ನೆಕ್ಸಾನ್, ಬ್ರೆಝಾ, ವೆನ್ಯೂ ಎಲ್ಲವೂ 3,995 ಮಿಲಿಮೀಟರಿಗೆ ಬಂದು ಉಸಿರು ಬಿಗಿಹಿಡಿದು ನಿಂತಿರುವುದು ಇಂಥ ಗೆರೆಯ ಕಾರಣಕ್ಕೇ. ಅಂಥ ಕಡೆ ಹಿಂದಕ್ಕೆ ಇನ್ನೊಂದು ಮೊಳ ಎಳೆಯುವ ಧೈರ್ಯ ಯಾವ ಕಂಪನಿ ಮಾಡೀತು?

ಇನ್ನು ನೀವು ಮಾಡಬೇಕಾದದ್ದು. ಶನಿವಾರ ಶೋರೂಮಿಗೆ ಹೋಗುವಾಗ ಮಕ್ಕಳ ಎರಡೂ ಸೀಟುಗಳನ್ನು, ತಳ್ಳುಗಾಡಿಯನ್ನು, ಅಟ್ಟದ ಮೇಲಿನ ಅತಿ ದೊಡ್ಡ ಸೂಟ್‌ಕೇಸನ್ನು ಹೊತ್ತುಕೊಂಡೇ ಹೋಗಿ. ಸಂಕೋಚ ಬೇಡ, ಜರ್ಮನರು ನಾಯಿಯನ್ನೇ ಕರೆತಂದು ಹತ್ತಿಸಿ ನೋಡುತ್ತಾರೆ. ಮಗನ ಸೀಟು ಇನ್ನೂ ಹಿಂದಕ್ಕೆ ಮುಖ ಮಾಡಿರುತ್ತದೆ. ಅದನ್ನು ಹಾಕಿದ ಮೇಲೆ ಮುಂದಿನ ಸೀಟಿನಲ್ಲಿ ಕಾಲು ಚಾಚಲು ಬರುತ್ತದೆಯೇ ಎಂದು ಇಬ್ಬರೂ ಕೂತು ನೋಡಿ. ಹೊರಡುವ ಮೊದಲು ಮನೆಯ ಗ್ಯಾರೇಜಿನ ಎತ್ತರವನ್ನು ಟೇಪು ಹಿಡಿದು ಅಳೆದು, ಒಂದು ಚೀಟಿಯಲ್ಲಿ ಬರೆದು ಜೇಬಿಗೆ ಹಾಕಿಕೊಳ್ಳಿ.