ಜಾಗ ಇದೆ, ಆದರೂ ಇಲ್ಲ

ರಾತ್ರಿ ಒಂದೂಮುಕ್ಕಾಲಿಗೆ ಫೋನ್ ಬಂತು. ಬೆಂಗಳೂರಿನಲ್ಲಿ ಕೂತು ಸರ್ವರ್ ಸಪೋರ್ಟ್ ಮಾಡುವವರಿಗೆ ಇದೇನೂ ಹೊಸದಲ್ಲ. ಅಮೆರಿಕದವರ ಆಫೀಸ್ ಟೈಮ್ ಅಂದರೆ ನಮ್ಮ ನಿದ್ದೆ ಟೈಮ್. ಆ ಕಡೆಯವರು ಹೇಳಿದ್ದು ಇಷ್ಟು: ಯಾರಿಗೂ ಲಾಗಿನ್ ಆಗ್ತಿಲ್ಲ, ಡಿಸ್ಕ್‌ನಲ್ಲಿ ಜಾಗ ಇಲ್ಲ ಅಂತ ಎರರ್ ಬರ್ತಿದೆ, ಆದರೆ ಜಾಗ ಇದೆ.

ಇಂಥ ಮಾತು ಕೇಳಿದರೆ, ಇವರು ಸರಿಯಾಗಿ ನೋಡಿಲ್ಲ ಅಂತಲೇ ಮೊದಲು ಅನಿಸುತ್ತದೆ. ನನಗೂ ಹಾಗೇ ಅನಿಸಿತು. ಸರ್ವರ್ ಒಳಗೆ ಹೋಗಿ 'ಡಿಎಫ್ -ಎಚ್' ಅಂತ ಟೈಪ್ ಮಾಡಿದೆ. ಆ ಸರ್ವರ್ ಓಡುವುದು ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಂನಲ್ಲಿ, ಅಲ್ಲಿ ಡಿಸ್ಕ್ ಎಷ್ಟು ತುಂಬಿದೆ ಅಂತ ತೋರಿಸುವ ಕಮ್ಯಾಂಡ್ ಅದು. 100 ಜಿಬಿ ಡಿಸ್ಕ್, ತುಂಬಿರುವುದು ಶೇ. 38. ಅವರು ಹೇಳಿದ್ದು ನಿಜವೇ. ನೋಡೋಣ ಅಂತ ಒಂದು ಖಾಲಿ ಫೈಲ್ ಮಾಡಲು ಹೋದೆ. ಒಳಗೆ ಒಂದಕ್ಷರವೂ ಇಲ್ಲದ ಫೈಲ್. ಬಂದ ಉತ್ತರ: 'ನೋ ಸ್ಪೇಸ್ ಲೆಫ್ಟ್ ಆನ್ ಡಿವೈಸ್'. ಸೊನ್ನೆ ಬೈಟ್ ಇಡುವುದಕ್ಕೂ ಜಾಗ ಇಲ್ಲವಂತೆ!

ದೇವಸ್ಥಾನದ ಹೊರಗೆ ಚಪ್ಪಲಿ ಸ್ಟ್ಯಾಂಡ್ ನೋಡಿರುತ್ತೀರಿ. ಚಪ್ಪಲಿ ಕೊಟ್ಟರೆ ಒಂದು ಟೋಕನ್ ಕೊಡುತ್ತಾರೆ. ಮಗುವಿನ ಪುಟ್ಟ ಚಪ್ಪಲಿಗೂ ಒಂದೇ ಟೋಕನ್, ಪೊಲೀಸರ ಬೂಟಿಗೂ ಒಂದೇ ಟೋಕನ್. ಇನ್ನೂರು ಟೋಕನ್ ಮಾಡಿಸಿದ್ದಾರೆ ಅಂದುಕೊಳ್ಳಿ. ಶಾಲೆಯ ಮಕ್ಕಳು ಬಸ್ಸುಗಟ್ಟಲೆ ಬಂದ ದಿನ ಇನ್ನೂರೂ ಖರ್ಚಾಗುತ್ತವೆ. ಕಪಾಟು ಅರ್ಧ ಖಾಲಿ ಇದ್ದರೂ ನಿಮ್ಮ ಚಪ್ಪಲಿ ತಗೊಳಲ್ಲ. ಕೌಂಟರ್‌ನವನು 'ಟೋಕನ್ ಖಾಲಿ' ಅಂದರೆ ವಿಷಯ ಅರ್ಥವಾಗುತ್ತದೆ. 'ಜಾಗ ಇಲ್ಲ' ಅಂದುಬಿಟ್ಟರೆ? ಕಣ್ಣೆದುರೇ ಖಾಲಿ ಕಪಾಟು ಇಟ್ಟುಕೊಂಡು ನೀವು ಜಗಳಕ್ಕೆ ನಿಲ್ಲುತ್ತೀರಿ.

ಡಿಸ್ಕ್‌ನಲ್ಲಿ ಈ ಟೋಕನ್‌ಗೆ ಐನೋಡ್ ಅಂತ ಹೆಸರು. ಪ್ರತಿ ಫೈಲ್‌ಗೂ ಒಂದು ಐನೋಡ್ ಬೇಕು. ಫೈಲ್ ಯಾರದು, ಯಾವಾಗ ಬದಲಾಯಿತು, ಅದರ ಚೂರುಗಳು ಡಿಸ್ಕ್‌ನಲ್ಲಿ ಎಲ್ಲೆಲ್ಲಿವೆ, ಎಲ್ಲ ಬರೆದಿಡುವುದು ಅಲ್ಲೇ. ಲಿನಕ್ಸ್‌ನಲ್ಲಿ ಜಾಸ್ತಿ ಬಳಕೆಯಲ್ಲಿರುವ ಇಎಕ್ಸ್‌ಟಿ4 ಎಂಬ ಫೈಲ್ ವ್ಯವಸ್ಥೆ, ಡಿಸ್ಕನ್ನು ಫಾರ್ಮ್ಯಾಟ್ ಮಾಡುವ ದಿನವೇ ಈ ಟೋಕನ್‌ಗಳನ್ನು ಎಣಿಸಿ ಇಟ್ಟುಬಿಡುತ್ತದೆ. ಬೇರೆ ಏನೂ ಹೇಳದಿದ್ದರೆ 16 ಕೆಬಿ ಜಾಗಕ್ಕೆ ಒಂದು. 100 ಜಿಬಿಗೆ ಸುಮಾರು 65 ಲಕ್ಷ. ಆಮೇಲೆ ಬೇಕು ಅಂದರೆ, ಇದ್ದ ಜಾಗದಲ್ಲೇ ಟೋಕನ್ ಮಾತ್ರ ಹೆಚ್ಚಿಸುವಂತಿಲ್ಲ. ಎಕ್ಸ್‌ಎಫ್‌ಎಸ್‌ನಂಥ ಬೇರೆ ವ್ಯವಸ್ಥೆಗಳು ಬೇಕಾದಾಗ ಹೊಸದಾಗಿ ಮಾಡಿಕೊಳ್ಳುತ್ತವೆ. ಆದರೆ ಆ ಸರ್ವರ್‌ನಲ್ಲಿ ಇದ್ದದ್ದು ಇಎಕ್ಸ್‌ಟಿ4.

'ಡಿಎಫ್ -ಐ' ಹೊಡೆದೆ. ಐನೋಡ್ ಬಳಕೆ ಶೇ. 100.

ತಿಂದವರು ಯಾರು ಅಂತ ಹುಡುಕಿದರೆ ಒಂದು ಫೋಲ್ಡರ್ ಸಿಕ್ಕಿತು. ಯಾರಾದರೂ ಲಾಗಿನ್ ಆದಾಗಲೆಲ್ಲ ಸಾಫ್ಟ್‌ವೇರ್ ಅಲ್ಲೊಂದು ಚಿಕ್ಕ ಫೈಲ್ ಬರೆಯುತ್ತಿತ್ತು, ಕೆಲವು ನೂರು ಬೈಟ್‌ಗಳದ್ದು. ಹಳೆಯದನ್ನು ಅಳಿಸಲು ರಾತ್ರಿ ಓಡುವ ಒಂದು ಕೆಲಸ ಇರಬೇಕಿತ್ತು. ಎರಡು ವರ್ಷದ ಹಿಂದೆ ಹೊಸ ಸರ್ವರ್‌ಗೆ ಬಂದಾಗ ಎಲ್ಲವನ್ನೂ ತಂದಿದ್ದರು, ಆ ಒಂದು ಕೆಲಸ ಮಾತ್ರ ಹಳೇ ಮನೆಯಲ್ಲೇ ಉಳಿದಿತ್ತು. ಮನೆ ಬದಲಾಯಿಸುವಾಗ ಪೊರಕೆ ಮರೆಯುತ್ತೇವಲ್ಲ, ಹಾಗೆ.

ಸರಿ, ಅಳಿಸೋಣ ಅಂತ 'ಆರ್‌ಎಂ' ಎಂಬ ಅಳಿಸುವ ಕಮ್ಯಾಂಡ್ ಮುಂದೆ ನಕ್ಷತ್ರ (*) ಹಾಕಿ ಎಂಟರ್ ಒತ್ತಿದೆ. ಅದಕ್ಕೂ ಎರರ್: 'ಆರ್ಗ್ಯುಮೆಂಟ್ ಲಿಸ್ಟ್ ಟೂ ಲಾಂಗ್'. ನಕ್ಷತ್ರ ಅಂದರೆ 'ಎಲ್ಲ ಫೈಲ್' ಅಂತ ಆರ್‌ಎಂಗೆ ಗೊತ್ತಿಲ್ಲ. ನಾವು ಟೈಪ್ ಮಾಡಿದ್ದನ್ನು ಓದುವ ಶೆಲ್ ಎಂಬ ಪ್ರೋಗ್ರಾಂ ಮೊದಲು ಅಷ್ಟೂ ಲಕ್ಷ ಹೆಸರುಗಳನ್ನು ಒಂದೇ ಸಾಲಿನಲ್ಲಿ ಬರೆದು ಆರ್‌ಎಂ ಕೈಗೆ ಕೊಡಬೇಕು. ಆ ಸಾಲಿಗೂ ಒಂದು ಮಿತಿ ಇದೆ, ಸಾಮಾನ್ಯವಾಗಿ 2 ಎಂಬಿ ಆಸುಪಾಸು. ಕೊನೆಗೆ 'ಫೈಂಡ್' ಬಳಸಿ ಒಂದೊಂದಾಗಿ ಅಳಿಸಿದ್ದಾಯಿತು. ಮುಗಿಯಲು ಮುಕ್ಕಾಲು ಗಂಟೆ ಹಿಡಿಯಿತು. ಅಷ್ಟರಲ್ಲಿ ನಾನು ಕಾಫಿ ಕುಡಿದು ಈ ಸುಳ್ಳು ಎರರ್ ಬಗ್ಗೆ ಯೋಚಿಸುತ್ತಾ ಕೂತೆ.

ಅದು ಸುಳ್ಳು ಹೇಳಿದ್ದು ಯಾಕೆ? ಲಿನಕ್ಸ್‌ನ ಒಡಲು, ಅಂದರೆ ಕರ್ನಲ್, ಮಾತಾಡುವುದಿಲ್ಲ. ಕೇಳಿದ ಕೆಲಸ ಆಗದಿದ್ದರೆ ಒಂದು ನಂಬರ್ ವಾಪಸ್ ಕೊಡುತ್ತದೆ, ಅಷ್ಟೇ. ಆ ನಂಬರನ್ನು ನೋಡಿ ಪ್ರೋಗ್ರಾಂ ಒಂದು ಸಿದ್ಧ ವಾಕ್ಯ ಒಪ್ಪಿಸುತ್ತದೆ. 28 ಬಂದರೆ 'ಜಾಗ ಇಲ್ಲ'. ಇಂಥ ನಂಬರ್‌ಗಳು ಇರುವುದೇ ನೂರಾ ಮೂವತ್ತರಷ್ಟು. ಕೆಲವು ಲಿನಕ್ಸ್‌ಗಿಂತ ಹಿಂದಿನ ಯುನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಂನ ಹಳೇ ಕಾಲದಿಂದ ಬಂದವು. 25ನೇ ಎರರ್‌ನ ಮೂಲ ವಾಕ್ಯ 'ನಾಟ್ ಎ ಟೈಪ್‌ರೈಟರ್' ಅಂತಿತ್ತು, 'ಇದು ಟೈಪ್‌ರೈಟರ್ ಅಲ್ಲ' ಅಂತ! ಜಗತ್ತಿನಲ್ಲಿ ಸರ್ವರ್ ಕೆಡುವ ರೀತಿಗಳು ಸಾವಿರಾರು, ಹೇಳಲು ಇರುವ ನಂಬರ್‌ಗಳು ನೂರಾ ಚಿಲ್ಲರೆ. ಹೊಸ ತೊಂದರೆ ಬಂದರೆ ಕರ್ನಲ್ ಬರೆಯುವವರು ಹತ್ತಿರದ್ದೊಂದನ್ನು ಆರಿಸಿ ಹಚ್ಚುತ್ತಾರೆ.

ಹಾಗಾಗಿ 28 ಎಂಬ ಒಂದೇ ನಂಬರ್ ಹಲವು ಬೇರೆ ಬೇರೆ ಕಾಯಿಲೆಗಳ ಹೆಸರು. ಡಿಸ್ಕ್ ನಿಜವಾಗಿ ತುಂಬಿದರೂ ಅದೇ, ಐನೋಡ್ ಮುಗಿದರೂ ಅದೇ. ಇಎಕ್ಸ್‌ಟಿ4 ಸಾಮಾನ್ಯವಾಗಿ ಶೇ. 5 ಜಾಗವನ್ನು ರೂಟ್ ಎಂಬ ಯಜಮಾನನಿಗೆ ಅಂತ ಎತ್ತಿಡುತ್ತದೆ. 1 ಟಿಬಿ ಡಿಸ್ಕ್‌ನಲ್ಲಿ ಅದೇ 50 ಜಿಬಿ. ಉಳಿದವರ ಪಾಲು ಮುಗಿದ ಕೂಡಲೇ ಅವರಿಗೆ 28. ಇನ್ನೂ ಮಜಾ ಏನೆಂದರೆ, ಫೈಲ್‌ಗಳು ಬದಲಾದರೆ ತಿಳಿಸು ಅಂತ ಕಾವಲು ಹಾಕುವ ಒಂದು ಸೌಲಭ್ಯ ಇದೆ. ಆ ಕಾವಲಿನ ಸಂಖ್ಯೆ ಮಿತಿ ಮುಟ್ಟಿದರೂ ಬರುವುದು 'ಡಿವೈಸ್‌ನಲ್ಲಿ ಜಾಗ ಇಲ್ಲ' ಅಂತಲೇ. ಅಲ್ಲಿ ಡಿಸ್ಕ್‌ನ ಮಾತೇ ಇಲ್ಲ! ಗೊತ್ತಿಲ್ಲದೆ ಸುಮ್ನೆ ದೊಡ್ಡ ಡಿಸ್ಕ್ ತಂದು ಹಾಕಿದವರೂ ಇದ್ದಾರೆ.

ಈ ಕೆಲಸದಲ್ಲಿ ವರ್ಷಗಳು ಕಳೆದ ಮೇಲೆ ನನಗೆ ಕಂಡದ್ದು ಇದು: ಸರ್ವರ್‌ಗಳಲ್ಲಿ ಸಾಮಾನು ಮುಗಿಯುವುದಕ್ಕಿಂತ ಜಾಸ್ತಿ ಸಲ ಎಣಿಕೆ ಮುಗಿಯುತ್ತದೆ.

ಇದಕ್ಕೆ ಅತಿ ಚೆಂದದ ಉದಾಹರಣೆ 2022ರ ಜನವರಿ 1. ಹೊಸ ವರ್ಷ ಹುಟ್ಟುತ್ತಿದ್ದಂತೆ ಜಗತ್ತಿನ ಅನೇಕ ಕಂಪನಿಗಳಲ್ಲಿ ಮೇಲ್ ನಿಂತುಹೋಯಿತು. ಮೈಕ್ರೋಸಾಫ್ಟ್‌ನ ಮೇಲ್ ಸಾಫ್ಟ್‌ವೇರ್ ಎಕ್ಸ್‌ಚೇಂಜ್ ಸರ್ವರ್ 2016 ಮತ್ತು 2019ನ್ನು ತಮ್ಮಲ್ಲೇ ಇಟ್ಟುಕೊಂಡವರಿಗೆ ಈ ಪಾಡು. ಮೇಲ್‌ಗಳು ಕಳೆದುಹೋಗಲಿಲ್ಲ, ಕ್ಯೂನಲ್ಲಿ ಮುಂದಕ್ಕೆ ಹೋಗದೆ ಕೂತವು. ಲಾಗ್, ಅಂದರೆ ಸರ್ವರ್ ಬರೆದಿಡುವ ದಿನಚರಿ, ನೋಡಿದರೆ '2201010001' ಎಂಬುದನ್ನು 'ಲಾಂಗ್' ಎಂಬ ಬಗೆಯ ಸಂಖ್ಯೆಯಾಗಿ ಬದಲಿಸಲು ಆಗುತ್ತಿಲ್ಲ ಅಂತ ಒಂದು ಎರರ್.

ಆ ನಂಬರನ್ನು ಎರಡೆರಡಾಗಿ ಬಿಡಿಸಿ ಓದಿ. 22, 01, 01. ವರ್ಷ, ತಿಂಗಳು, ದಿನ. ಬರುವ ಮೇಲ್‌ಗಳಲ್ಲಿ ವೈರಸ್ ಇದೆಯಾ ಅಂತ ನೋಡುವ ಭಾಗ ತನ್ನ ಹೊಸ ಕಂತುಗಳಿಗೆ ಹೀಗೆ ದಿನಾಂಕವನ್ನೇ ನಂಬರ್ ಮಾಡಿ ಇಡುತ್ತಿತ್ತು. ಅದನ್ನು ಇಟ್ಟುಕೊಳ್ಳುವ ಡಬ್ಬಿ 32 ಬಿಟ್‌ನದು, ಪ್ಲಸ್ ಮೈನಸ್ ಎರಡೂ ಹಿಡಿಸುವಂಥದ್ದು. ಅದರಲ್ಲಿ ಹಿಡಿಯುವ ಅತಿ ದೊಡ್ಡ ಸಂಖ್ಯೆ 2147483647. 2021 ಪೂರ್ತಿ 21ರಿಂದ ಶುರುವಾಗುವ ನಂಬರ್‌ಗಳು ಹೇಗೋ ಹಿಡಿಸುತ್ತಿದ್ದವು. 22 ಬಂತು, ಡಬ್ಬಿ ತುಂಬಿತು. ಪರೀಕ್ಷೆ ಮಾಡುವವನೇ ಬಿದ್ದ ಮೇಲೆ ಪರೀಕ್ಷೆ ಇಲ್ಲದೆ ಮೇಲ್ ಬಿಡುವ ಹಾಗಿಲ್ಲ. ಹಾಗಾಗಿ ಎಲ್ಲ ನಿಂತಿತು.

ಮೈಕ್ರೋಸಾಫ್ಟ್ ಕಳಿಸಿದ ಪರಿಹಾರ ನೋಡಿದಾಗ ನಾನು ನಕ್ಕುಬಿಟ್ಟೆ. ಡಬ್ಬಿ ದೊಡ್ಡದು ಮಾಡುತ್ತಾ ಕೂರಲು ಹೊತ್ತಿಲ್ಲ. ಅದಕ್ಕೆ ಹೊಸ ಕಂತಿಗೆ 2112330001 ಅಂತ ನಂಬರ್ ಕೊಟ್ಟರು. ಬಿಡಿಸಿ ಓದಿದರೆ 2021ರ ಡಿಸೆಂಬರ್ 33! ಕ್ಯಾಲೆಂಡರ್‌ನಲ್ಲಿ ಇಲ್ಲದ ದಿನವಾದರೂ ಡಬ್ಬಿಗೆ ಹಿಡಿಸಿತಲ್ಲ, ಮೇಲ್ ಹರಿಯಿತು.

ಇನ್ನು ಸಿಸ್ಟಂ ರಿಕ್ವೈರ್ಮೆಂಟ್ಸ್ ಎಂಬ ಪುಟದ ವಿಷಯ. ಯಾವ ದೊಡ್ಡ ಸಾಫ್ಟ್‌ವೇರ್ ಕೊಂಡರೂ ಮೊದಲು ಕೈಗೆ ಸಿಗುವುದು ಅದು, ಕೊನೆಗೆ ಓದುವುದೂ ಅದನ್ನೇ. ಮೆಮೊರಿ ಇಷ್ಟು, ಪ್ರೊಸೆಸರ್ ಅಷ್ಟು ಅಂತ ಇರುವ ಸಾಲುಗಳಲ್ಲಿ ಹೆಚ್ಚು ಹುರುಳಿಲ್ಲ. ಅವು ಕಂಪನಿಯವರು ಧಾರಾಳವಾಗಿ ಬರೆದ ಅಂದಾಜು. ಮೈಕ್ರೋಸಾಫ್ಟ್‌ನ ಡೇಟಾಬೇಸ್ ಸಾಫ್ಟ್‌ವೇರ್ ಎಸ್‌ಕ್ಯುಎಲ್ ಸರ್ವರ್ 2017ರಲ್ಲಿ ಮೊದಲ ಸಲ ಲಿನಕ್ಸ್‌ಗೆ ಬಂದಾಗ ಕನಿಷ್ಠ 3.25 ಜಿಬಿ ಮೆಮೊರಿ ಬೇಕೇ ಬೇಕು ಅನ್ನುತ್ತಿತ್ತು, ಇಲ್ಲದಿದ್ದರೆ ಶುರುವಾಗಲೂ ಒಪ್ಪುತ್ತಿರಲಿಲ್ಲ. ಸ್ವಲ್ಪ ಕಾಲದ ಮೇಲೆ ಒಂದು ಅಪ್‌ಡೇಟ್ ಬಂದು ಅದು 2 ಜಿಬಿ ಆಯಿತು. ಬೇಕೇ ಬೇಕು ಅನ್ನುವುದೂ ಚೌಕಾಸಿಗೆ ಬಗ್ಗುತ್ತದೆ, ಅಲ್ವಾ?

ನೋಡಬೇಕಾದದ್ದು ಪುಟದ ಕೆಳಗಿನ ವಿಚಿತ್ರ ಸಾಲುಗಳನ್ನು. ಎಲಾಸ್ಟಿಕ್‌ಸರ್ಚ್ ಅಂತ ಒಂದು ಹುಡುಕಾಟದ ಸಾಫ್ಟ್‌ವೇರ್ ಇದೆ. ಒಂದು ಪ್ರೋಗ್ರಾಂ ಎಷ್ಟು ತುಂಡು ಮೆಮೊರಿಯನ್ನು ಫೈಲ್‌ಗಳಿಗೆ ಜೋಡಿಸಿಕೊಳ್ಳಬಹುದು ಎಂಬ ಮಿತಿ ಲಿನಕ್ಸ್‌ನಲ್ಲಿ ಬಹುಕಾಲ 65530 ಇತ್ತು. ಎಲಾಸ್ಟಿಕ್‌ಸರ್ಚ್ ಆ ಮಿತಿಯನ್ನು ಕನಿಷ್ಠ 262144 ಮಾಡಿ ಅನ್ನುತ್ತದೆ. ಯಾಕೆ? ಇದೂ ಟೋಕನ್ ಕಥೆಯೇ. ಡೇಟಾ ಬೆಳೆದ ಹಾಗೆ ತುಂಡುಗಳು ಹೆಚ್ಚಾಗುತ್ತವೆ. ಒಂದು ದಿನ ಮಿತಿ ಮುಟ್ಟುತ್ತದೆ, 'ಔಟ್ ಆಫ್ ಮೆಮೊರಿ' ಅಂತ ಬೀಳುತ್ತದೆ. ಮೆಮೊರಿ ನೋಡಿದರೆ ಬೇಕಾದಷ್ಟು ಖಾಲಿ. ಹೀಗೆ ಬಿದ್ದ ಸರ್ವರ್‌ಗಳನ್ನು ನೋಡಿ ಸಾಕಾಗಿ, ಆ ಸಾಲನ್ನು ಸಾಫ್ಟ್‌ವೇರ್ ಒಳಗೇ ಹಾಕಿಬಿಟ್ಟಿದ್ದಾರೆ. ನಿಜವಾದ ಬಳಕೆಗೆ ಶುರುಮಾಡುವಾಗ ಮಿತಿ ಕಮ್ಮಿ ಇದ್ದರೆ ಅದು ಏಳುವುದೇ ಇಲ್ಲ. ಈಗ ಎಷ್ಟಿದೆ, ಎಷ್ಟು ಬೇಕು, ಯಾವ ಸೆಟ್ಟಿಂಗ್ ಬದಲಿಸಬೇಕು, ಮೂರನ್ನೂ ಎರರ್‌ನಲ್ಲೇ ಹೇಳುತ್ತದೆ. ನಾನು ಓದಿದ ಎರರ್‌ಗಳಲ್ಲಿ ಇಷ್ಟು ಮರ್ಯಾದಸ್ಥ ಎರರ್ ಕಮ್ಮಿ.

ಇನ್ನೊಂದು ಸಾಲು ಕಂಡರೆ ಎಲ್ಲರೂ ತಲೆ ಕೆರೆದುಕೊಳ್ಳುತ್ತಾರೆ: ಜಾವಾ ಪ್ರೋಗ್ರಾಂಗೆ ಕೊಡುವ ಮೆಮೊರಿ 32 ಜಿಬಿಗಿಂತ ಸ್ವಲ್ಪ ಕೆಳಗೇ ಇರಲಿ. ಕನಿಷ್ಠ ಇಷ್ಟಿರಲಿ ಅನ್ನುವುದು ಸರಿ, ಇದೇನು ಜಾಸ್ತಿ ಕೊಡಬೇಡಿ ಅನ್ನುವುದು? ಇಲ್ಲೂ ಎಣಿಕೆ ಇದೆ. ಜಾವಾ ತನ್ನ ವಸ್ತುಗಳನ್ನು 8 ಬೈಟ್‌ಗೊಂದು ಗೆರೆ ಎಳೆದು ಆ ಗೆರೆಯ ಮೇಲೇ ಇಡುತ್ತದೆ. ಹಾಗಾಗಿ ವಿಳಾಸ ಬರೆಯುವಾಗ ಗೆರೆಯ ನಂಬರ್ ಬರೆದರೆ ಸಾಕು. 32 ಬಿಟ್‌ನಲ್ಲಿ ಬರೆಯಬಹುದಾದ ನಂಬರ್‌ಗಳು ಸುಮಾರು 430 ಕೋಟಿ. ಅದನ್ನು 8ರಿಂದ ಗುಣಿಸಿದರೆ ಸರಿಯಾಗಿ 32 ಜಿಬಿ. ಆ ಗಡಿ ದಾಟಿದ ಕೂಡಲೇ ಪ್ರತಿ ವಿಳಾಸವೂ 4 ಬೈಟ್‌ನಿಂದ 8 ಬೈಟ್ ಆಗುತ್ತದೆ. ಕೊಟ್ಟ ಹೊಸ ಜಾಗವನ್ನೆಲ್ಲ ವಿಳಾಸಗಳೇ ತಿಂದುಬಿಡುತ್ತವೆ. 31 ಜಿಬಿಯಲ್ಲಿ ಹಾಯಾಗಿದ್ದ ಸರ್ವರ್, ದುಡ್ಡು ಸುರಿದು 35 ಕೊಟ್ಟ ಮೇಲೆ ಏದುಸಿರು ಬಿಡುವುದನ್ನು ಕಂಡಿದ್ದೇನೆ.

ಹಾಗಾದರೆ ಸಾಮಾನು ನಿಜವಾಗಿ ಮುಗಿಯುವುದೇ ಇಲ್ಲವಾ? ಮುಗಿಯುತ್ತದೆ. ಮೆಮೊರಿ ನಿಜವಾಗಿ ಮುಗಿದಾಗ ಮಾತ್ರ ಬಿದ್ದ ಪ್ರೋಗ್ರಾಂನಿಂದ ಸಾಮಾನ್ಯವಾಗಿ ಎರರ್ ಬರುವುದಿಲ್ಲ! ಲಿನಕ್ಸ್ ಮೆಮೊರಿ ಹಂಚುವುದು ಮದುವೆ ಊಟದ ಲೆಕ್ಕದಲ್ಲಿ. ಸಾವಿರ ಜನರನ್ನು ಕರೆದು ಆರುನೂರು ಎಲೆಗೆ ಅಡುಗೆ ಮಾಡಿಸುವ ಹಾಗೆ, ಕೇಳಿದವರಿಗೆಲ್ಲ ಹೂಂ ಅನ್ನುತ್ತದೆ. ಎಲ್ಲರೂ ಒಟ್ಟಿಗೆ ಬಂದು ಕೂತ ದಿನ, ಸಾಮಾನ್ಯವಾಗಿ ಅತಿ ಹೆಚ್ಚು ಉಂಡವನನ್ನೇ ಆರಿಸಿ ಎಬ್ಬಿಸಿ ಹೊರಗೆ ಹಾಕುತ್ತದೆ. ಎಷ್ಟೋ ಸಲ ಅದು ಡೇಟಾಬೇಸ್, ಅಂದರೆ ಮದುಮಗ. ಹೊರಗೆ ಹಾಕಲು ಕರ್ನಲ್ ಕಳಿಸುವುದು ಸಿಗ್ನಲ್ 9, ಅಂದರೆ ತಕ್ಷಣದ ಸಾವು, ಕೊನೇ ಮಾತಿಗೂ ಅವಕಾಶ ಇಲ್ಲ. ಅದರ ಲಾಗ್ ನಡುವೆಯೇ ನಿಂತಿರುತ್ತದೆ. ಸುಳಿವು ಸಿಗುವುದು 137 ಎಂಬ ಎಕ್ಸಿಟ್ ಕೋಡ್‌ನಲ್ಲಿ, ಅಂದರೆ ಪ್ರೋಗ್ರಾಂ ನಿಂತಾಗ ಉಳಿಯುವ ನಂಬರ್‌ನಲ್ಲಿ, 128ಕ್ಕೆ ಈ 9 ಸೇರಿದ್ದು. ಇಲ್ಲವೇ ಕರ್ನಲ್‌ನ ಸ್ವಂತ ಲಾಗ್‌ನಲ್ಲಿ, ಕೊಂದವನೇ ಬರೆದಿಟ್ಟ ಒಂದು ಸಾಲಿನಲ್ಲಿ.

ಆ ರಾತ್ರಿಯ ಕೆಲಸ ಮುಗಿದಾಗ ನಾಲ್ಕು ಗಂಟೆ ದಾಟಿತ್ತು. ಮಾರನೇ ವಾರ ನಮ್ಮ ಸಾಫ್ಟ್‌ವೇರ್‌ನ ರಿಕ್ವೈರ್ಮೆಂಟ್ಸ್ ಪುಟಕ್ಕೆ ಒಂದು ಸಾಲು ಸೇರಿಸಿದೆವು: ಲಾಗಿನ್ ಫೈಲ್‌ಗಳಿರುವ ಡಿಸ್ಕ್‌ನಲ್ಲಿ ಕನಿಷ್ಠ 2 ಕೋಟಿ ಐನೋಡ್ ಇರಬೇಕು, ಹಳೇ ಫೈಲ್ ಅಳಿಸುವ ಕೆಲಸ ಓಡುತ್ತಿದೆಯಾ ಅಂತ ತಿಂಗಳಿಗೊಮ್ಮೆ ನೋಡಬೇಕು. ಪುಟದ ತೀರಾ ಕೆಳಗೆ, ಹದಿನೇಳನೇ ಸಾಲು.

ವರ್ಷದ ಮೇಲೆ ಒಬ್ಬ ಹೊಸ ಗ್ರಾಹಕರ ಕಡೆಯವರು ಕರೆ ಮಾಡಿದರು. ಮೆಮೊರಿ, ಪ್ರೊಸೆಸರ್, ಡಿಸ್ಕ್ ಎಲ್ಲ ಕೇಳಿದ್ದಕ್ಕಿಂತ ಜಾಸ್ತಿಯೇ ಹಾಕಿದ್ದಾರಂತೆ. "ಆ ಹದಿನೇಳನೇ ಸಾಲು ಮಾತ್ರ ಏನು ಅಂತ ಗೊತ್ತಾಗ್ಲಿಲ್ಲ ಸರ್" ಅಂದರು, "ಬಿಟ್ರೆ ನಡೆಯುತ್ತಾ?"