ಕೊಡೆ ಹಿಡಿದ ಕುಳ್ಳನ ಕಲ್ಲಿನ ಕೆಳಗೆ ನಿಧಿ ಇದೆಯೇ?

ಪ್ರಶ್ನೆ: ನಮ್ಮೂರಿಗೆ ಹೋಗುವ ದಾರಿಯ ಪಕ್ಕ ಒಂದು ಹಳೇ ಕಲ್ಲಿದೆ. ಕೊಡೆ ಹಿಡಿದ ಕುಳ್ಳನ ಚಿತ್ರ, ಮೇಲೆ ಸೂರ್ಯ, ಚಂದ್ರ. ಕೆಳಗೆ ನಿಧಿ ಇದೆ ಅಂತಾರೆ. ನಿಜವೇ?

ಉತ್ತರ: ಇಲ್ಲ. ಹೋದ ಸಲ ಕೇಳಿದವರಿಗೂ ಇಲ್ಲ ಅಂದಿದ್ದೆ, ಅದರ ಹಿಂದಿನವರಿಗೂ ಇಲ್ಲ ಅಂದಿದ್ದೆ.

ಅದು ಗಡಿಕಲ್ಲು. ಕುಳ್ಳ ಬೇರೆ ಯಾರೂ ಅಲ್ಲ, ವಾಮನ. ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಕಮಂಡಲ. ಅದಕ್ಕೇ ವಾಮನಮುದ್ರೆ ಕಲ್ಲು ಅನ್ನುತ್ತಾರೆ. ಬ್ರಾಹ್ಮಣರಿಗೋ ವಿಷ್ಣುವಿನ ಗುಡಿಗೋ ದಾನ ಕೊಟ್ಟ ಭೂಮಿಯ ಅಂಚಿನಲ್ಲಿ ಇದನ್ನು ನೆಡುತ್ತಿದ್ದರು. ವಿಜಯನಗರದ ಕಾಲದವು ಜಾಸ್ತಿ. ಶಿವನ ಗುಡಿಯ ಭೂಮಿಯಾದರೆ ಲಿಂಗಮುದ್ರೆ, ಜೈನ ಬಸದಿಯದಾದರೆ ಮುಕ್ಕೊಡೆ, ಅಂದರೆ ಒಂದರ ಮೇಲೊಂದು ಮೂರು ಕೊಡೆ. ಮೂರು ಹೆಜ್ಜೆ ನೆಲ ಬೇಡಿ ಲೋಕವನ್ನೇ ಅಳೆದವನನ್ನು ಗಡಿ ಕಾಯಲು ನಿಲ್ಲಿಸಿದ್ದಾರಲ್ಲ, ಆ ತಲೆ ನನಗಂತೂ ತುಂಬಾ ಇಷ್ಟ. ಸೂರ್ಯ ಚಂದ್ರರಿರುವವರೆಗೆ ಈ ದಾನ ನಡೆಯಲಿ ಅನ್ನುವುದು ಮೇಲಿನ ಚಿತ್ರದ ಅರ್ಥ. ಅದು ನಿಧಿಯ ಗುಟ್ಟಿನ ನಕ್ಷೆ ಅಲ್ಲ.

ಸುಮ್ನೆ ಯೋಚಿಸಿ. ಚಿನ್ನ ಹೂತವನು ಹೋಗಿ ಬರುವವರಿಗೆಲ್ಲ ಕಾಣುವ ಹಾಗೆ ಅದರ ಮೇಲೆ ಕಲ್ಲು ನಿಲ್ಲಿಸುತ್ತಾನಾ? ಅದೂ ಊರಾಚೆ, ಕಾವಲಿಲ್ಲದ ಕಡೆ? ಗಡಿ ಅಂದಮೇಲೆ ನಾಲ್ಕು ದಿಕ್ಕಿಗೂ ಇರುತ್ತದೆ. ನಾಲ್ಕೂ ಕಲ್ಲಿನ ಕೆಳಗೆ ಕೊಪ್ಪರಿಗೆ ಇಟ್ಟಿದ್ದಾರಾ?

ಈ ಕಥೆ ಹುಟ್ಟಿದ್ದು ಎಲ್ಲಿಂದ ಅಂತ ನನಗೊಂದು ಗುಮಾನಿ ಇದೆ. ದಾನಶಾಸನಗಳಲ್ಲಿ 'ನಿಧಿ ನಿಕ್ಷೇಪ ಜಲ ಪಾಷಾಣ ಅಕ್ಷೀಣಿ ಆಗಾಮಿ ಸಿದ್ಧ ಸಾಧ್ಯ' ಎಂಬ ಸಾಲು ಮತ್ತೆ ಮತ್ತೆ ಬರುತ್ತದೆ. ಮೊದಲ ಪದ ಕಿವಿಗೆ ಬಿದ್ದದ್ದೇ ಯಾರೋ ಹಾರೆ ಹಿಡಿದು ಹೊರಟಿರಬೇಕು. ಪೂರ್ತಿ ಕೇಳುವ ವ್ಯವಧಾನ ಯಾರಿಗಿದೆ? ಅದು ಅಷ್ಟಭೋಗ, ಭೂಮಿಯ ಜೊತೆಗೆ ಬರುವ ಎಂಟು ಹಕ್ಕುಗಳ ಪಟ್ಟಿ. ಮುಂದೆ ಯಾವತ್ತಾದರೂ ನಿಧಿ ಸಿಕ್ಕರೆ ಅದೂ ನಿನ್ನದು, ನೀರೂ ನಿನ್ನದು, ಕಲ್ಲೂ ನಿನ್ನದು ಅಂತ ಬರೆದುಕೊಟ್ಟಿದ್ದು. ನಿಧಿ ಇದೆ ಅಂತ ಅಲ್ಲ. ನಂಬಿಕೆ ಬರದಿದ್ದರೆ ಬೀರುವಿನಲ್ಲಿರುವ ಕ್ರಯಪತ್ರ ತೆಗೆದು ನೋಡಿ. ಕನ್ನಡದ ಎಷ್ಟೋ ಕ್ರಯಪತ್ರಗಳಲ್ಲಿ 'ನಿಧಿ ನಿಕ್ಷೇಪ' ಇವತ್ತಿಗೂ ಇದೆ. ಹಾಗಂತ ನಡುಮನೆ ಅಗೆಯುತ್ತೀರಾ?

ಅಗೆದು ಏನೋ ಸಿಕ್ಕಿತು ಅಂತಲೇ ಇಟ್ಟುಕೊಳ್ಳಿ. ಮುಚ್ಚಿಡುವ ಹಾಗಿಲ್ಲ. ಬೆಲೆ 10 ರೂಪಾಯಿ ದಾಟಿದರೆ ಕಲೆಕ್ಟರಿಗೆ ತಿಳಿಸಬೇಕು ಅಂತ 1878ರ ನಿಧಿ ಕಾಯ್ದೆಯೇ ಹೇಳಿತ್ತು. ಕರ್ನಾಟಕಕ್ಕೆ 1962ರ ಪ್ರತ್ಯೇಕ ಕಾಯ್ದೆ ಇದೆ.

ಅಂದ ಹಾಗೆ, ಕಲ್ಲಿನ ಮೇಲೆ ಅಕ್ಷರ ಯಾಕಿಲ್ಲ ಅಂತ ನೀವು ಕೇಳಲಿಲ್ಲ. ಕೇಳಬೇಕಿತ್ತು. ಅಕ್ಷರವೆಲ್ಲ ಗುಡಿಯ ಮುಂದಿನ ಶಾಸನದಲ್ಲೋ ತಾಮ್ರಪಟದಲ್ಲೋ ಇರುತ್ತಿತ್ತು: ಮೂಡಲಿಗೆ ಹುತ್ತ, ತೆಂಕಲಿಗೆ ಹಳ್ಳ, ಪಡುವಲಿಗೆ ಆಲದ ಮರ, ಈ ಧಾಟಿಯಲ್ಲಿ. ಹೊಲದಂಚಿನ ಕಲ್ಲು ಓದು ಬಾರದವನಿಗೆ. ವಾಮನ ಕಂಡ ಕೂಡಲೇ ನೇಗಿಲು ತಿರುಗಿಸಬೇಕು, ಅಷ್ಟೇ. ತಿರುಗಿಸದವನಿಗೆ ಶಾಪ ಕಾದಿರುತ್ತಿತ್ತು. ಕೊಟ್ಟ ಭೂಮಿ ಕಿತ್ತುಕೊಂಡವನು 60,000 ವರ್ಷ ಅಮೇಧ್ಯದ ಹುಳುವಾಗಿ ಹುಟ್ಟುತ್ತಾನೆ ಅನ್ನುವ ಶ್ಲೋಕ ಶಾಸನದ ಕೊನೆಗೆ ಇದ್ದೇ ಇರುತ್ತದೆ ಅನ್ನುವಷ್ಟು ಸಾಮಾನ್ಯ. ಕೆಲವು ಕಡೆ ಶಾಪವನ್ನೂ ಚಿತ್ರದಲ್ಲೇ ಕೆತ್ತಿದ್ದಾರೆ. ಅದರಲ್ಲೊಂದು ಕತ್ತೆ ಬರುತ್ತದೆ. ಕತ್ತೆ ಏನು ಮಾಡುತ್ತಿದೆ ಅಂತ ಮಾತ್ರ ದಯವಿಟ್ಟು ಇಲ್ಲಿ ಕೇಳಬೇಡಿ.