ಡೋಸ್ ಅದೇ, ರಕ್ತದಲ್ಲಿ ಮದ್ದು ಮಾತ್ರ ಹೆಚ್ಚು

ಸ್ಕಿಜೋಫ್ರೇನಿಯಾ ಇರುವವರಿಗೆ ಖಿನ್ನತೆಯೂ ಜೊತೆಗೂಡುವುದು ಅಪರೂಪವೇನಲ್ಲ. ಆಗ ನಡೆಯುತ್ತಿರುವ ಆಂಟಿಸೈಕೋಟಿಕ್ (ಭ್ರಮೆಗಳನ್ನು ಹತೋಟಿಯಲ್ಲಿಡುವ ಮದ್ದು) ಜೊತೆಗೆ ಖಿನ್ನತೆಯ ಮಾತ್ರೆಯೊಂದು ಸೇರಿಕೊಳ್ಳುತ್ತದೆ. ಇಂಥ ಎಷ್ಟೋ ಜೋಡಿಗಳು ತಕರಾರಿಲ್ಲದೆ ನಡೆದುಹೋಗುತ್ತವೆ. ಕೆಲವು ಹಾಗಲ್ಲ.

ಕ್ಲೋಜಪಿನ್ ಮತ್ತು ಫ್ಲುವೊಕ್ಸಮಿನ್ ಜೋಡಿಯನ್ನೇ ನೋಡಿ. ಬೇರೆ ಔಷಧಿಗಳಿಗೆ ಬಗ್ಗದ ಸ್ಕಿಜೋಫ್ರೇನಿಯಾಕ್ಕೆ ಕೊಡುವ ಮದ್ದು ಕ್ಲೋಜಪಿನ್. ಅದನ್ನು ಒಡೆಯುವ ಕೆಲಸ ಮುಖ್ಯವಾಗಿ ಲಿವರ್‌ನ ಸಿವೈಪಿ1ಎ2 ಎಂಬ ಕಿಣ್ವದ್ದು. ಖಿನ್ನತೆಗೂ ಗೀಳು ಕಾಯಿಲೆಗೂ ಬಳಸುವ ಫ್ಲುವೊಕ್ಸಮಿನ್ ಇದೇ ಕಿಣ್ವದ ಕೈ ಕಟ್ಟಿಹಾಕುತ್ತದೆ. ನುಂಗುವ ಕ್ಲೋಜಪಿನ್ ಎಂದಿನಷ್ಟೇ, ಆದರೆ ರಕ್ತದಲ್ಲಿ ಅದರ ಮಟ್ಟ 5ರಿಂದ 10 ಪಟ್ಟು ಏರಬಲ್ಲದು. ಕಣ್ಣು ಬಿಡಲಾಗದ ಮಂಪರು, ಸುರಿಯುವ ಜೊಲ್ಲು, ಎದ್ದು ನಿಂತರೆ ತಲೆಸುತ್ತು, ವಿಪರೀತವಾದರೆ ಫಿಟ್ಸ್. ಮನೆಯವರು ಕಾಯಿಲೆಯೇ ಉಲ್ಬಣಿಸಿತೆಂದು ಗಾಬರಿಯಾಗುವುದು ಸಹಜ.

ಅಂದಹಾಗೆ, ಸಿಗರೇಟಿನ ಹೊಗೆಯದ್ದು ತದ್ವಿರುದ್ಧ ಕೆಲಸ: ಇದೇ ಕಿಣ್ವವನ್ನು ಹೆಚ್ಚಿಸುತ್ತದೆ. ಕಾರಣ ನಿಕೋಟಿನ್ ಅಲ್ಲ, ಹೊಗೆಯಲ್ಲಿರುವ ಹೈಡ್ರೋಕಾರ್ಬನ್‌ಗಳು. ಹಾಗಾಗಿ ಸಿಗರೇಟು ಬಿಟ್ಟವರಲ್ಲಿ, ನಿಕೋಟಿನ್ ಗಮ್ ಜಗಿಯುತ್ತಿದ್ದರೂ, ಕ್ಲೋಜಪಿನ್ ಮಟ್ಟ ಏರುತ್ತದೆ. ಬಿಟ್ಟ ಸುದ್ದಿಯನ್ನೂ ವೈದ್ಯರ ಕಿವಿಗೆ ಹಾಕಬೇಕು.

ಇನ್ನೊಂದು ಕಿಣ್ವ ಸಿವೈಪಿ2ಡಿ6. ಖಿನ್ನತೆಯ ಮಾತ್ರೆಗಳಾದ ಫ್ಲುಯೊಕ್ಸೆಟಿನ್, ಪರಾಕ್ಸೆಟಿನ್ ಇದನ್ನು ಬಲವಾಗಿ ತಡೆಯುತ್ತವೆ. ಆರಿಪಿಪ್ರಜೋಲ್ ಎಂಬ ಆಂಟಿಸೈಕೋಟಿಕ್ ಒಡೆಯುವುದರಲ್ಲಿ ಇದಕ್ಕೆ ದೊಡ್ಡ ಪಾಲಿರುವುದರಿಂದ ಇವು ಜೊತೆಯಾದಾಗ ಅದರ ಡೋಸನ್ನು ಅರ್ಧಕ್ಕಿಳಿಸುವುದು ವಾಡಿಕೆ. ಇನ್ನೊಂದು ಆಂಟಿಸೈಕೋಟಿಕ್ ರಿಸ್ಪೆರಿಡೋನ್ ಮಟ್ಟವೂ ಏರುತ್ತದೆ. ಆಂಟಿಸೈಕೋಟಿಕ್ ಅತಿಯಾದರೆ ಕೂತಲ್ಲಿ ಕೂರಲಾಗದ ಚಡಪಡಿಕೆ ಬರಬಹುದು. ಇಲ್ಲವೇ ಮೈ ಬಿಗಿದು, ನಡಿಗೆ ನಿಧಾನವಾಗಿ, ಮುಖದಲ್ಲಿ ಭಾವವೇ ಇಲ್ಲದಂತಾಗಬಹುದು. ನನ್ನ ಮಟ್ಟಿಗೆ ಅತಿ ಮೋಸದ ತಿರುವು ಇದೇ. ಆ ಮಂಕು ಮುಖವನ್ನು ಖಿನ್ನತೆಯೆಂದೇ ಓದಿ ಫ್ಲುಯೊಕ್ಸೆಟಿನ್ ಹೆಚ್ಚಿಸಿದರೆ ಕಿಣ್ವದ ದಾರಿ ಇನ್ನಷ್ಟು ಮುಚ್ಚುತ್ತದೆ.

ಖಿನ್ನತೆಯ ಮಾತ್ರೆಗಳಲ್ಲೇ ಸರ್ಟ್ರಲಿನ್, ಎಸಿಟಲೋಪ್ರಾಮ್ ಮಾಮೂಲಿ ಡೋಸಿನಲ್ಲಿ ಈ ಕಿಣ್ವಗಳ ತಂಟೆಗೆ ಅಷ್ಟಾಗಿ ಹೋಗುವುದಿಲ್ಲ. ಎಸಿಟಲೋಪ್ರಾಮ್‌ಗೆ ಮಾತ್ರ ಹೃದಯದ ಲಯದ ಲೆಕ್ಕ ಬೇರೆ ಇದೆ. ಆ ಲಯವನ್ನು ತಾನೂ ಏರುಪೇರು ಮಾಡಬಲ್ಲ ಜಿಪ್ರಸಿಡೋನ್‌ನಂಥ ಆಂಟಿಸೈಕೋಟಿಕ್ ಜೊತೆ ಅದನ್ನು ಕೊಡಲು ವೈದ್ಯರು ಹಿಂಜರಿಯುತ್ತಾರೆ.

ಮಾತ್ರೆ ನಿಲ್ಲಿಸಿದ ದಿನವೇ ಎಲ್ಲವೂ ಮುಗಿಯಿತೆಂದಲ್ಲ. ಫ್ಲುಯೊಕ್ಸೆಟಿನ್‌ನಿಂದ ದೇಹದಲ್ಲಿ ಹುಟ್ಟುವ ನಾರ್‌ಫ್ಲುಯೊಕ್ಸೆಟಿನ್ ಅರ್ಧಕ್ಕಿಳಿಯಲು 4ರಿಂದ 16 ದಿನ ಬೇಕು, ಹಾಗಾಗಿ ಕಿಣ್ವ ವಾರಗಟ್ಟಲೆ ಮಂದವಾಗಿಯೇ ಇರುತ್ತದೆ. ಅದು ಮೊದಲಿನ ಚುರುಕಿಗೆ ಮರಳುವ ಹೊತ್ತಿಗೆ ಆರಿಪಿಪ್ರಜೋಲ್‌ನ ಅರ್ಧ ಡೋಸ್ ಸಾಲದೆ ಹೋಗಿ, ಅಡಗಿದ್ದ ಲಕ್ಷಣಗಳು ಮತ್ತೆ ತಲೆ ಎತ್ತಬಹುದು. ಅಷ್ಟರಲ್ಲಿ ಫ್ಲುಯೊಕ್ಸೆಟಿನ್ ಬಿಟ್ಟಿದ್ದು ಯಾರಿಗೂ ನೆನಪಿರುವುದಿಲ್ಲ.